ಹೋದ ಬಸ್ಸು ಸಂಜೆಗೆ ಬರುತ್ತದೆಯೇ?

ಇಸವಿ ೨೩೧೭, ಎರಡನೆಯ ಶ್ರಾವಣದ ನಲವತ್ತನೆಯ ದಿನ
ನೆರಳೂರು, ಬಳ್ಳಾರಿಯ ದಿಕ್ಕು

'ಮೊಳಕಾಲುದ್ದದ ಲಂಗ' ಕಾದಂಬರಿಯನ್ನು ಅಂಗಡಿಯಲ್ಲಿ ಕೊಂಡು ಓದುವ ನಿಮಗೆ ಸುಂಕಮ್ಮ ಮಾಡುವ ನಮಸ್ಕಾರ.

ತಿಂಗಳಿಗೆ ನಲವತ್ತು ದಿನ ಎಲ್ಲಿಂದ ಬಂತು ಎಂದು ನಗಬೇಡಿ. ಬಿಸಿಲು ಇಳಿಯುವವರೆಗೆ ನಾವು ಶ್ರಾವಣವನ್ನು ಮುಗಿಸುವುದಿಲ್ಲ. ನನ್ನ ಮಾತುಗಳು ನಿಮಗೆ ವಿಚಿತ್ರವಾಗಿ ಕಂಡರೆ ಮನ್ನಿಸಿ. ನಾನು ಶಾಲೆಗೆ ಹೋದದ್ದು ಧೂಳೆದ್ದ ವರ್ಷಗಳಲ್ಲಿ. ತೆರೆದದ್ದಕ್ಕಿಂತ ಮುಚ್ಚಿದ್ದೇ ಹೆಚ್ಚು. ತಪ್ಪಿದ್ದರೆ ತಿದ್ದಿಕೊಳ್ಳಿ. ಆದರೆ ಇನ್ನೊಬ್ಬರಿಗೆ ತೋರಿಸಿ ತಿದ್ದಬೇಡಿ, ನಾಚಿಕೆಯಾಗುತ್ತದೆ.

ನಮ್ಮ ಓಣಿಗೆಲ್ಲ ಈ ಪುಸ್ತಕ ಒಂದೇ ಇದೆ. ನಿಮ್ಮ ಕಾಲದ್ದೇ, ಹಾಳೆಗಳು ಹಪ್ಪಳದಂತೆ ಮುರಿಯುತ್ತವೆ. ನಿಮ್ಮಲ್ಲಿ ಮನೆಗೊಂದು ಪ್ರತಿ ಇತ್ತಂತೆ. ಮಲಗಿಕೊಂಡು ಓದಬಹುದಿತ್ತಂತೆ, ಬೇಸರವಾದರೆ ದಿಂಬಿನ ಕೆಳಗೆ ತಳ್ಳಬಹುದಿತ್ತಂತೆ. ಯಾವ ಪುಟಕ್ಕೆ ಕಣ್ಣೀರು ಹಾಕಿದೆ, ಯಾಕೆ ಅಳಲಿಲ್ಲ ಎಂದು ಕೇಳುವವರೇ ಇರಲಿಲ್ಲವಂತೆ. ಇದನ್ನು ಕೇಳಿದಾಗಿನಿಂದ ನಿಮ್ಮನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. ಸುಳ್ಳು ಹೇಳಿ ಏನು ಮಾಡಲಿ.

ನಮ್ಮಲ್ಲಿ ಹದಿನಾರು ತುಂಬಿದವರು ಇದನ್ನು ಗಾಳಿಬಾವಿಯ ಬುಡದಲ್ಲಿ ಕೂತು ಗಟ್ಟಿಯಾಗಿ ಓದಬೇಕು. ಗಾಳಿಬಾವಿ ಎಂದರೆ ನೀರಿನದಲ್ಲ. ನೆಲದಡಿಯ ನಮ್ಮ ಮನೆಗಳಿಗೆ ತಂಪು ಇಳಿಸುವ ದೊಡ್ಡ ಕೊಳವೆ. ಅಲ್ಲಿ ಆಡಿದ ಮಾತು ಓಣಿಯ ಪ್ರತಿ ಅಡುಗೆಮನೆಗೂ ಕೇಳುತ್ತದೆ. ಓದುವವರು ಪಕ್ಕದಲ್ಲಿ ಹಿರಿಯರೊಬ್ಬರಿಗೆ ಮಣೆ ಹಾಕುತ್ತಾರೆ. ಅಧ್ಯಾಯ ಮುಗಿದಾಗ ಇಬ್ಬರೂ ತಮಗನಿಸಿದ್ದನ್ನು ಹೇಳಬೇಕು; ಕೇಳುವ ಓಣಿ ತುಟಿ ಬಿಚ್ಚಬಾರದು. ಮುಂದೆ ಆ ಮಗುವಿನ ಕೆಲಸ, ಮದುವೆ, ಕಷ್ಟಸುಖ ಯಾವುದಕ್ಕೂ ಮೊದಲ ಮಾತು ಮಣೆಯಲ್ಲಿ ಕೂತವರದು. ಹೆತ್ತವರದು ಆಮೇಲೆ.

ಈ ವರ್ಷ ನನ್ನ ಮಗಳು ಮಂದಾರಳ ಸರದಿ ಬಂತು. ಮಣೆ ನನಗೇ ಎಂದುಕೊಂಡೆ. ಕೂತು ಏನಾದರೂ ದಡ್ಡ ಮಾತಾಡಿಬಿಟ್ಟರೆ ಎಂದು ನಿದ್ದೆಗೆಟ್ಟೆ. ಹಾಗಾಗಿ ಮೊದಲೇ ಓದಿದವರನ್ನು ಹುಡುಕಿಕೊಂಡು ಹೋಗಿ, ಅವರಿಗೆ ಏನನಿಸಿತೆಂದು ಕೇಳಿದೆ. ಕತೆ ನಿಮಗೆ ಗೊತ್ತಿರುವುದೇ: ರುದ್ರಿ ದೊಡ್ಡವಳಾದಾಗ ತಾಯಿ ಅವಳ ಮೊಳಕಾಲುದ್ದದ ಲಂಗವನ್ನು ಕತ್ತರಿಸಿ ದಿಂಬಿನ ಚೀಲ ಹೊಲಿದು, ಸೀರೆ ಉಡಿಸಿ, ಶಾಲೆ ಬಿಡಿಸುತ್ತಾಳೆ. ಕೊನೆಗೆ ರುದ್ರಿ ಆ ಚೀಲವನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಡುತ್ತಾಳೆ, ಪುಸ್ತಕ ಮುಗಿಯುತ್ತದೆ. ಅಣಬೆ ಬೆಳೆಯುವ ಖಾದರ್‌ಬೀ, "ಆ ಹುಡುಗಿ ಬಿಡವ್ವ, ಬೆಳೆದೋನು ಅವರಪ್ಪ. ಮೊದಲ್ನೆ ಪುಟದಾಗೆ ಕೂಗ್ತಾನೆ, ಕೊನೆ ಪುಟದಾಗೆ ಟಿಕೆಟಿಗೆ ಚಿಲ್ಲರೆ ಕೊಡ್ತಾನೆ" ಅಂದಳು. ಮೇಲೆ ಕರೆಂಟಿಗಿಟ್ಟ ಬಿಸಿಲುಹಲಗೆ ಒರೆಸುವ ಕೊಟ್ರಪ್ಪ, "ಒಂದು ಲಂಗಕ್ಕೆ ಇಷ್ಟು ರಂಪ! ಎರಡು ಬಾರಿಸಿದ್ರೆ ಹತ್ತು ಪುಟಕ್ಕೆ ಮುಗೀತಿತ್ತು ಪುಸ್ತಕ" ಎಂದ. ನನ್ನ ನೆಗೆಣ್ಣಿ ಅನಸೂಯಕ್ಕನ ಮಾತು ಕೇಳುವುದೇ ಬೇಡ. ಅವಳು ಪೂರ್ತಿ ಶಾಲೆ ಓದಿದವಳು. ಕೊನೆಯ ಪುಟಕ್ಕೆ ಅವಳು ಅತ್ತರೆ ಓಣಿಯೆಲ್ಲ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತದೆ.

ಮಂದಾರ ಮಣೆ ಹಾಕಿದ್ದು ಅವಳಿಗೆ.

ಯಾಕೆ ಎಂದು ಕೇಳಬಾರದಿತ್ತು, ಕೇಳಿದೆ. "ನಾನು ಬಾಯಿ ತೆರೆಯೋಕೆ ಮುಂಚೆ ನೀ ನನ್ನ ಮುಖ ನೋಡ್ತೀಯವ್ವ, ಏನು ತಪ್ಪಾಡ್ತೀನೋ ಅಂತ. ದೊಡ್ಡವ್ವ ಪುಸ್ತಕ ನೋಡ್ತಾಳೆ" ಎಂದಳು. ಅಷ್ಟು ದಿನವೂ ನಾನು ಒಲೆಯ ಮುಂದೆ ಕೂತು ಕೊಳವೆಗೆ ಕಿವಿ ಕೊಟ್ಟೆ. ಅವರಿಬ್ಬರೂ ಒಂದೇ ಕಡೆ ನಕ್ಕರೆ ನನ್ನ ಸಾರಿಗೆ ಉಪ್ಪು ಎರಡು ಸಲ ಬೀಳುತ್ತಿತ್ತು.

ಒಂದು ಮಾತು ನಿಮಗೆ ಹೇಳಲೇಬೇಕು. ನಮ್ಮೂರಿಗೆ ದೂರದ ಗಾಡಿ ಬರುವುದೇ ಅಪರೂಪ. ಹತ್ತಿ ಹೋದವರು ಮರಳಿದ್ದನ್ನು ಕಂಡವರಿಲ್ಲ. ಆದ್ದರಿಂದ ಮೆಟ್ಟಿಲ ಮೇಲೆ ಕಾಲಿಟ್ಟಳು ಎಂದರೆ ರುದ್ರಿ ಇನ್ನಿಲ್ಲ ಎಂದೇ ಇಲ್ಲಿ ಎಲ್ಲರೂ ಓದುತ್ತಾರೆ. ಕೊನೆಯ ದಿನ ಅನಸೂಯಕ್ಕ ಆಗಲೇ ಬಿಕ್ಕುತ್ತಿದ್ದಳು. ಆಗ ಮಂದಾರ, "ಆಕಿ ಸಂಜಿಗೆ ಅದೇ ಬಸ್ಸಿಗೆ ಬರ್ತಾಳೆ ದೊಡ್ಡವ್ವ, ಬಾಳೆಹಣ್ಣು ತಗಂಡು" ಎಂದಳು. ಯಾವುದೋ ಅಡುಗೆಮನೆಯಲ್ಲಿ ನಗು ಕಿಸಕ್ಕೆಂದಿತು. "ಹೋದ ಗಾಡಿ ಬರ್ತೈತೇನೆ ಹುಚ್ಚಿ? ಅಳೋ ಜಾಗದಾಗೆ ಚೇಷ್ಟೆ ಮಾಡಬಾರದು" ಎಂದಳು ಅನಸೂಯಕ್ಕ. ನನ್ನ ಮಗಳು ಪುಸ್ತಕ ಮುಚ್ಚಿದ ಸದ್ದು ಕೊಳವೆಯಲ್ಲಿ ಕೇಳಿತು.

ಕೊಳವೆಗೆ ತಲೆ ಹಾಕಿ ಕೂಗಿಬಿಟ್ಟೆ: "ಬರ್ತೈತೆ! ನನ್ನ ಮಗಳು ಅಂದಮೇಲೆ ಬರ್ತೈತೆ! ನಿನ್ನ ಕಣ್ಣೀರೇ ವೇದ ಏನೇ ಅನಸೂಯಕ್ಕ?"

ಕೇಳುವವರು ಮಾತಾಡಿದರೆ ಓದು ಮುರಿದಂತೆ; ನಗು ಲೆಕ್ಕಕ್ಕಿಲ್ಲ. ಮುಂದಿನ ತಂಪುಗಾಲದಲ್ಲಿ ಮಂದಾರ ಮೊದಲ ಪುಟದಿಂದ ಓದಬೇಕು, ಮಣೆಯನ್ನೂ ಹೊಸದಾಗಿ ಹಾಕಬೇಕು. ಒಳಗೊಳಗೆ ನನಗೆ ಖುಷಿಯೇ ಆಯಿತು. ಆದರೆ ಮಂದಾರ ಬಾವಿಯ ಬುಡದಿಂದ ಮೇಲೆ ಬಂದು ಬಯ್ಯಲಿಲ್ಲ. "ಬರ್ತೈತೆ ಅಂತ ನಿನಗೆ ಹೆಂಗ್ ಗೊತ್ತವ್ವ? ನನ್ನ ಮಾತು ನಂಬಿ ಕೂಗಿದ್ಯೋ, ದೊಡ್ಡವ್ವನ ಮೇಲಿನ ಉರಿಗೆ ಕೂಗಿದ್ಯೋ? ಅದು ತಿಳಿಯೋತನಕ ಮಣೆ ಯಾರಿಗೂ ಇಲ್ಲ" ಎಂದಳು. ಎರಡೂ ಹೌದು ಎನ್ನಲು ನನಗೆ ಧೈರ್ಯ ಬರಲಿಲ್ಲ.

ಅದಕ್ಕೇ ನಿಮ್ಮ ಕಾಲು ಹಿಡಿಯುತ್ತಿದ್ದೇನೆ. ಈ ಕಾಗದವನ್ನು ಹಿಂದಕ್ಕೆ, ನಿಮ್ಮ ಕಾಲಕ್ಕೆ ಒಯ್ಯುವ ಕಾಲಟಪಾಲಿನವನು, ನೀವು ಪುಸ್ತಕದಲ್ಲಿ ಬರೆದರೆ ನಮ್ಮ ಪ್ರತಿಯಲ್ಲೂ ಮೂಡುತ್ತದೆ ಎಂದಿದ್ದಾನೆ. ಹೇಗೋ ನನಗೆ ತಿಳಿಯದು. ಕೊನೆಯ ಖಾಲಿ ಹಾಳೆಯಲ್ಲಿ, ಬೆಳಿಗ್ಗೆ ಹೋದ ಬಸ್ಸು ಸಂಜೆಗೆ ಬರುತ್ತಿತ್ತು ಎಂದು ಒಂದು ಸಾಲು ಬರೆಯಿರಿ. ನೀವು ಎಷ್ಟೋ ಸಲ ಹತ್ತಿ ಇಳಿದವರು, ನಿಮಗೆ ಅದೇನು ದೊಡ್ಡದು. ಆ ಸಾಲನ್ನು ಕಂಡು ಮಂದಾರ ಮೊದಲು ಅನಸೂಯಕ್ಕನ ಮನೆಗೇ ಓಡುತ್ತಾಳೇನೋ ಎಂಬ ಹೆದರಿಕೆ ಈಗಲೇ ಶುರುವಾಗಿದೆ. ಆದರೂ ಬರೆಯಿರಿ, ನನ್ನ ಮಗಳ ಮಾತು ನಿಜವಾಗಲಿ.

ಬಸ್ಸು ಬರುತ್ತಿರಲಿಲ್ಲ ಎಂದಾದರೆ ಮಾತ್ರ ಏನೂ ಬರೆಯಬೇಡಿ. ಟಪಾಲು ತಲುಪಲಿಲ್ಲ ಎಂದುಕೊಂಡು ಕಾಯುತ್ತಿರುತ್ತೇನೆ.

ನಿಮ್ಮ,
ಸುಂಕಮ್ಮ