ಬಾವಿಗೆ ಬಿಟ್ಟ ಆಮೆ

ಅರಸೀಕೆರೆ
೧೭-೬-೧೯೯೮

ಅವ್ವನ ಪಾದಗಳಿಗೆ ಲತಾಮಣಿಯ ನಮಸ್ಕಾರ. ಭಾನುವಾರ ನೀನು ಬಾಗಿಲಿಗೆ ಬಂದಾಗಲೇ ಮಾಡಬೇಕಿದ್ದ ನಮಸ್ಕಾರ ಇದು. ಅವತ್ತು ಮಾಡಲಿಲ್ಲ.

ಮಾಲಿನಿ, ಇದನ್ನು ಓದಿ ಹೇಳುವವಳು ನೀನೇ ತಾನೆ. ಅಕ್ಕನ ಮಾನ ಉಳಿಸುತ್ತೇನೆ ಅಂತ ನಡುನಡುವೆ ನುಂಗಬೇಡ ಕಣೇ. ಅವ್ವ ನಿನಗೆ ಏನೂ ಹೇಳಿರಲಾರಳು. ‘ಲತಾ ಚೆನ್ನಾಗಿ ನೋಡ್ಕಂಡ್ಲು, ಉಣ್ಣಕ್ಕಿಕ್ಕಿ ಕಳಿಸಿದ್ಲು’ ಅಂದಿರುತ್ತಾಳೆ. ಊಟ ಹಾಕಿದ್ದು ನಿಜ. ಎಲ್ಲಿ ಹಾಕಿದೆ ಅನ್ನುವುದನ್ನು ನಾನೇ ಹೇಳುತ್ತೇನೆ.

ಅವ್ವ, ರಾಹುಲನಿಗೆ ಕಾಮಾಲೆ ವಾಸಿಯಾದರೂ ಮೈ ಹಿಡಿಯುತ್ತಿಲ್ಲ, ಕಾಲು ಕಡ್ಡಿಯಾಗಿವೆ ಅಂತ ಬರೆದವಳು ನಾನೇ. ಆ ಕಾಗದ ಓದಿಸಿಕೊಂಡು ನೀನು ಸುಮ್ಮನೆ ಕೂರುವವಳಲ್ಲ ಅಂತ ನನಗೆ ಗೊತ್ತಿರಬೇಕಿತ್ತು. ಎಸ್ಸೆಸ್ಸೆಲ್ಸಿ ವರ್ಷ ನಾನು ಟೈಫಾಯ್ಡ್ ಬಂದು ಮಲಗಿದಾಗಲೂ ನೀನು ಅಪ್ಪನ ಕಬ್ಬಿಣದ ಸರಳು ಹಿಡಿದು ಬತ್ತಿದ ಕೆರೆಗೆ ಇಳಿದಿದ್ದೆ. ಕೆಸರಿಗೆ ಸರಳು ಚುಚ್ಚುತ್ತಾ ಹೋಗುವುದು, ಟಕ್ ಅಂದರೆ ಆಮೆ, ಕೈಹಾಕಿ ಎತ್ತುವುದು. ನಮ್ಮ ಹುಲಿಕೆರೆಯ ಕಲ್ಯಾಣಿಯ ಆಮೆ ದೇವರದ್ದು, ಅದನ್ನು ಮುಟ್ಟಬಾರದು. ಕೆರೆಯದ್ದು ನಮ್ಮದು ಅನ್ನುವುದು ನಿನ್ನ ನ್ಯಾಯ. ಆ ಆಮೆಯ ಸಾರು ಕುಡಿದೇ ಎದ್ದು ಕೂತು ಪರೀಕ್ಷೆ ಬರೆದೆ. ಆಗ ನನಗೆ ಆ ಸಾರಿನ ಬಗ್ಗೆ ನಾಚಿಕೆ ಇರಲಿಲ್ಲ. ಈಗ ಮೇಷ್ಟ್ರಮ್ಮ ಆಗಿದ್ದೇನಲ್ಲ, ನಾಚಿಕೆಯೂ ಸಂಬಳದ ಜೊತೆಗೇ ಬಂದಿದೆ.

ಈ ಮನೆ ಸಿಕ್ಕಿದ ಕಥೆಯನ್ನು ನಿನಗೆ ಪೂರ್ತಿ ಹೇಳಿರಲಿಲ್ಲ. ಕೆಳಗಿರುವ ದ್ರಾಕ್ಷಾಯಣಮ್ಮನವರದ್ದು ಕೊಬ್ಬರಿ ವ್ಯಾಪಾರದ ಮನೆತನ, ಮಠಕ್ಕೆ ನಡೆದುಕೊಳ್ಳುವವರು, ಮೊಟ್ಟೆಯನ್ನೂ ಮನೆಗೆ ಸೇರಿಸದವರು. ಮೇಲಿನ ಮನೆ ಕೇಳಲು ಹೋದಾಗ ‘ನೀವು ಯಾವ ಪೈಕಿ’ ಅಂದರು. ನಿನ್ನ ಅಳಿಯ ನಟರಾಜ್, ‘ನಾವು ಬುದ್ಧನ ಕಡೆಯವರು, ಮಾಂಸ ಬಿಟ್ಟು ಬಹಳ ವರ್ಷ ಆಯಿತು’ ಅಂದರು. ಅದೇನೂ ಸುಳ್ಳಲ್ಲ. ‘ಹಂಗಾರೆ ನಮ್ಮಂಗೇ ಬಿಡಿ’ ಅಂತ ಆಯಮ್ಮ ನಕ್ಕು ಬೀಗದ ಕೈ ಕೊಟ್ಟರು. ನಾವು ಅಷ್ಟಕ್ಕೇ ಬಾಯಿ ಮುಚ್ಚಿಕೊಂಡೆವು. ಬುದ್ಧನ ಫೋಟೋ ಹಜಾರದಲ್ಲಿದೆ, ಬಾಬಾಸಾಹೇಬರದ್ದು ಬೀರುವಿನೊಳಗಿದೆ. ಹೋದ ವರ್ಷ ಆಯಮ್ಮ ಊರಲ್ಲಿಲ್ಲದ ದಿನ ನೀನು ಬಂದಾಗ ಕೇಳಿದ್ದಕ್ಕೆ, ಚೌಕಟ್ಟು ಒಡೆದಿದೆ ಅಂತ ಹೇಳಿದೆನಲ್ಲ, ಒಡೆದಿರಲಿಲ್ಲ.

ಭಾನುವಾರ ನಾನು ಅಂಗಳದಲ್ಲಿ ಬಟ್ಟೆ ಹರವುತ್ತಿದ್ದೆ. ದ್ರಾಕ್ಷಾಯಣಮ್ಮ ಬಾವಿಕಟ್ಟೆಯ ಮೇಲೆ ಅವರೇಕಾಳು ಹಸನು ಮಾಡುತ್ತಿದ್ದರು. ನೀನು ಗೇಟು ತಳ್ಳಿಕೊಂಡು ಬಂದೆ. ಸೆರಗು ಬೆವರಿಗೆ ಅಂಟಿತ್ತು, ಕಾಲಿಗೆ ಕೆಸರು ಒಣಗಿತ್ತು. ಒದ್ದೆ ಚೀಲ ಕೆಳಗಿಟ್ಟು ಉಸಿರು ಬಿಡುವಷ್ಟರಲ್ಲಿ ಅದರ ಬಾಯಿ ಬಿಚ್ಚಿಕೊಂಡು ಆಮೆ ಹೊರಗೆ ಬಂತು. ‘ಅಯ್ಯೋ ಶಿವನೇ, ಆಮೆ! ಯಾರವ್ವಾ ನೀನು?’ ಅಂತ ನಿನ್ನನ್ನು ಕೇಳಿ ಆಯಮ್ಮ ನನ್ನ ಮುಖ ನೋಡಿದರು.

‘ನಮ್ಮೂರೋರು. ನಮ್ಮನೆ ಕೆಲಸಕ್ಕೆ ಬರ್ತಿದ್ರು. ಬಾವಿಗೆ ಬಿಡೋಕೆ ಅಂತ ಆಮೆ ತಂದಿದಾರೆ’ ಅಂದುಬಿಟ್ಟೆ.

ಯಾರೂ ನನ್ನ ಕತ್ತು ಹಿಡಿದಿರಲಿಲ್ಲ ಅವ್ವ. ಯೋಚನೆ ಮಾಡಿ ಹೇಳಿದ್ದರೆ ನಾಲಿಗೆಯಾದರೂ ತಡವರಿಸುತ್ತಿತ್ತು. ಅದೂ ಆಗಲಿಲ್ಲ. ನೀನು ನನ್ನನ್ನು ಒಂದು ಸಲ ನೋಡಿದೆ. ಆಮೇಲೆ ತಲೆ ತಗ್ಗಿಸಿ, ‘ಊಂ ಕಣ್ರವ್ವ, ಬಾವಿಗೇಯ. ನೀರು ತಿಳಿಯಾಗಿರ್ಲಿ ಅಂತ’ ಅಂದೆ. ನೀನು ಅಲ್ಲೇ ನನ್ನ ಕೆನ್ನೆಗೆ ಬಾರಿಸಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ದ್ರಾಕ್ಷಾಯಣಮ್ಮನಿಗೆ ಹಿಡಿಸಲಾರದ ಸಂತೋಷ. ದೇವಸ್ಥಾನದ ನೆಲದಲ್ಲಿ ಕೆತ್ತಿರುತ್ತಾರಲ್ಲ, ಅದೇ ಆಮೆ ಜೀವಂತ ಮನೆಗೆ ಬಂದಿದೆ, ನಿನ್ನ ಕೈಗುಣ ದೊಡ್ಡದು ಅಂತ ನಿನ್ನನ್ನು ಹೊಗಳಿದರು. ಬೆನ್ನಿನ ಚಿಪ್ಪಿಗೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಬಕೆಟ್ಟಿನಲ್ಲಿ ಕೂರಿಸಿ ಬಾವಿಗೆ ಇಳಿಸಿದರು. ಮೊಮ್ಮಗನ ಔಷಧಿ ನೀರಿಗೆ ಇಳಿಯುವುದನ್ನು ನೀನು ಕೈಕಟ್ಟಿಕೊಂಡು ನೋಡಿದೆ.

ಅಷ್ಟರಲ್ಲಿ ರಾಹುಲ ಮೆಟ್ಟಿಲಿಳಿದು ‘ಅಜ್ಜೀ’ ಅಂತ ಓಡಿ ಬಂದು ನಿನ್ನ ಸೊಂಟಕ್ಕೆ ಜೋತುಬಿದ್ದ. ದ್ರಾಕ್ಷಾಯಣಮ್ಮ, ‘ನೋಡ್ರೀ, ಮಗೀಗೆ ಯಾರಾದ್ರೂ ಒಂದೇಯ’ ಅಂತ ನಕ್ಕರು. ನೀನು ಅವನ ಕೈ ಬಿಡಿಸಿ, ‘ಮೈಯೆಲ್ಲಾ ಕೆಸ್ರು, ದೂರ ನಿಂತ್ಕಳಿ ಬುದ್ದಿ’ ಅಂದೆ. ಕರುಳಿನ ಕುಡಿಗೆ ಬಹುವಚನ! ನನ್ನ ಸುಳ್ಳಿಗೆ ನೀನು ನನಗಿಂತ ಚೆನ್ನಾಗಿ ಹೊಂದಿಕೊಂಡೆ.

ಇನ್ನು ಹೇಳಬೇಕಾದದ್ದೇ ಕಷ್ಟ. ಮಾಲಿನಿ, ನಿಲ್ಲಿಸಬೇಡ. ಪಾಪ, ಬಿಸಿಲಲ್ಲಿ ಬಂದಿದ್ದಾರೆ, ಮೇಲಕ್ಕೆ ಕರೆದುಕೊಂಡು ಹೋಗಿ ಊಟ ಹಾಕಿ ಅಂತ ಹೇಳಿದವರು ದ್ರಾಕ್ಷಾಯಣಮ್ಮ. ‘ಪರವಾಗಿಲ್ಲ, ಇಲ್ಲೇ ಕೂರ್ತಾರೆ’ ಅಂದವಳು ನಾನು. ಕೆಲಸದವಳನ್ನು ಒಳಗೆ ಕೂರಿಸಿದರೆ ಎಲ್ಲಿ ಅನುಮಾನ ಬರುತ್ತದೋ ಅಂತ. ಮೆಟ್ಟಿಲ ಬುಡದಲ್ಲಿ ಬಾಳೆಲೆ ಹಾಕಿ ಹೆತ್ತವಳಿಗೆ ಮುದ್ದೆ ಇಕ್ಕಿದೆ. ಉಂಡಾದ ಮೇಲೆ ನೀನೇ ಎಲೆ ಎತ್ತಿದೆ. ತಂಬಿಗೆಯಲ್ಲಿ ನೀರು ತಗೊಂಡು ಉಂಡ ಜಾಗವನ್ನು ನೀನೇ ಬಳಿದೆ. ಊರಿನಲ್ಲಿ ಸಾಹುಕಾರರ ಜಗುಲಿಯ ಕೆಳಗೆ ನೀನು ಹಾಗೆ ಬಳಿಯುವಾಗ ನಾನು ಸಿಟ್ಟಿನಿಂದ ಅಳುತ್ತಿದ್ದೆ. ಭಾನುವಾರ ಅಳಲೂ ಇಲ್ಲ, ಬೇಡ ಅವ್ವ ಅನ್ನಲೂ ಇಲ್ಲ. ಸೌಟು ಹಿಡಿದುಕೊಂಡು ನೋಡುತ್ತಾ ನಿಂತಿದ್ದೆ.

ರಾತ್ರಿ ನಟರಾಜ್‌ಗೆ ಹೇಳಿದೆ. ತಟ್ಟೆ ಮುಂದೆ ಕೂತವರು ಹಾಗೇ ಎದ್ದರು. ‘ನಾನು ಜಾತಿ ಮುಚ್ಚಿಟ್ಟೆ, ನೀನು ತಾಯಿಯನ್ನೇ ಮುಚ್ಚಿಟ್ಟೆಯಲ್ಲೇ’ ಅಂದರು. ಅವತ್ತಿನಿಂದ ಬೇಕಾದಷ್ಟೇ ಮಾತು.

ಸೋಮವಾರ ಶಾಲೆಯಲ್ಲಿ ಐದನೇ ಕ್ಲಾಸಿಗೆ ಸಮುದ್ರ ಕಡೆದ ಕಥೆ ಹೇಳುವ ಸರದಿ. ದೇವತೆಗಳು ಒಂದು ಕಡೆ, ರಾಕ್ಷಸರು ಒಂದು ಕಡೆ, ಕೆಳಗೆ ಬೆಟ್ಟ ಹೊತ್ತ ಆಮೆ. ಅಮೃತ ಬಂದ ಮೇಲೆ ಕಥೆ ಮುಗಿಸಿ ಪುಸ್ತಕ ಮುಚ್ಚಿದೆ. ಹಿಂದಿನ ಬೆಂಚಿನ ಒಂದು ಹುಡುಗಿ ಎದ್ದು, ‘ಮಿಸ್, ಅಮೃತ ಆಮೆಗೂ ಕೊಟ್ರಾ?’ ಅಂದಳು. ಕಥೆಯಲ್ಲಿ ಅದು ಬರಲ್ಲ, ಕೂತ್ಕೊ ಅಂತ ಗದರಿಬಿಟ್ಟೆ. ಆ ಮಗು ಏನು ತಪ್ಪು ಕೇಳಿತು ಹೇಳು.

ದ್ರಾಕ್ಷಾಯಣಮ್ಮ ದಿನಾ ಬೆಳಿಗ್ಗೆ ಬಾವಿಗೆ ಬಗ್ಗಿ ಕೈಮುಗಿಯುತ್ತಾರೆ. ರಾಹುಲ ಅನ್ನದ ಅಗುಳು ಹಾಕಿ ‘ಅಜ್ಜಿ ಆಮೆ’ ಅಂತ ಕೂಗುತ್ತಾನೆ. ಒಂಟಿ ಜೀವ ಬೇಜಾರಾಗುತ್ತೆ, ಆ ಮುದುಕಿಗೆ ಜೋಡಿ ತರಕ್ಕೆ ಹೇಳಿ ಕಳಿಸಿ ಅಂತ ಆಯಮ್ಮ ನಿನ್ನೆಯೂ ಜ್ಞಾಪಿಸಿದರು. ಆಯಿತು ಅಂದೆ. ನೋಡು, ನಿನ್ನೆಯೂ ಆಯಿತು ಅಂದೆ!

ಇನ್ನು ಆಗುವುದಿಲ್ಲ ಅವ್ವ. ನನ್ನ ಮೇಲೆ ನನಗೇ ಹೇಸಿಗೆ ಬಂದಿದೆ. ಬರುವ ಭಾನುವಾರ ನೀನು ಬಾ. ಆಮೆ ಬೇಡ, ಏನೂ ಬೇಡ, ಬರಿಗೈಯಲ್ಲಿ ಬಾ. ಬಸ್ ಸ್ಟಾಂಡಿಗೆ ನಾನೇ ಬರುತ್ತೇನೆ. ಕೈ ಹಿಡಿದುಕೊಂಡು ದ್ರಾಕ್ಷಾಯಣಮ್ಮನ ಮುಂದೆ ನಿಲ್ಲಿಸಿ, ಇವಳು ಹನುಮಮ್ಮ, ನನ್ನ ಹೆತ್ತವ್ವ ಅನ್ನುತ್ತೇನೆ. ಮನೆ ಬಿಡಿ ಅಂದರೆ ಬಿಡೋಣ. ಅರಸೀಕೆರೆಯಲ್ಲಿ ಇದೊಂದೇ ಮನೆಯಾ? ನಿನ್ನನ್ನು ಒಳಗೆ ಕೂರಿಸಿ, ನನ್ನ ತಟ್ಟೆಯಲ್ಲಿ ಬಡಿಸಿ, ನೀನು ಉಂಡ ಜಾಗ ನಾನು ಬಳಿಯುತ್ತೇನೆ. ಬರಲ್ಲ ಅನ್ನಬೇಡ. ನಿನ್ನ ಕಾಲು ಹಿಡಿಯುತ್ತೇನೆ.

ನಿನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಅಂತ ಹೇಳಿಕೊಳ್ಳಲು ಬಾರದ ಮಗಳು,
ಲತಾಮಣಿ

ಮರೆತಿದ್ದೆ: ಮಾಲಿನಿ, ಇದಿಷ್ಟು ನಿನಗೆ ಮಾತ್ರ. ಉತ್ತರವನ್ನು ಶಾಲೆಯ ವಿಳಾಸಕ್ಕೆ ಬರಿ. ಮನೆಗೆ ಬರುವ ಕಾಗದಗಳನ್ನು ಪೋಸ್ಟ್‌ಮ್ಯಾನ್ ಕೆಳಗೇ ಕೊಟ್ಟು ಹೋಗುತ್ತಾನೆ. ಅವ್ವನನ್ನು ಈ ಭಾನುವಾರ ಬೇಡ, ಅದರಾಚೆ ಭಾನುವಾರ ಬಸ್ಸು ಹತ್ತಿಸು. ಅವತ್ತು ದ್ರಾಕ್ಷಾಯಣಮ್ಮ ಮಠಕ್ಕೆ ಹೋಗುತ್ತಾರೆ, ಸಂಜೆಯವರೆಗೂ ಕೆಳಗೆ ಯಾರೂ ಇರುವುದಿಲ್ಲ.