ಮ್ಯಾನೇಜರ್ ಕೈಗೆ ಬಿದ್ದ ಪೆಟ್ಟು

೧೭ ಜನವರಿ ೨೦೨೫, ಶುಕ್ರವಾರ

ಇವರ ಕೆಲಸ ಹೋದರೆ ಅದಕ್ಕೆ ನಾನೇ ಕಾರಣ. ಇವತ್ತು ರಜೆಯೆಂದು ಇವರ ಆಫೀಸಿನವರ ಜೊತೆ ದ್ವೀಪಕ್ಕೆ ಪಿಕ್ನಿಕ್ ಹೋಗಲೇಬಾರದಿತ್ತು.

ಬೆಳಿಗ್ಗೆ ಖರ್ಜೂರದ ಗರಿಯಲ್ಲಿ ಚಾಪೆ ಹೆಣೆಯುವ ಪಾಠ, ಆಮೇಲೆ ಸಮುದ್ರಸ್ನಾನ. ಕಲಿಸುವ ಹೆಂಗಸು ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ಬಂಡವಾಳ ಬಯಲಾಗುತ್ತದಲ್ಲ! ಬೇಗ ಮುಗಿಸಿ ನೀರಿಗೆ ಓಡೋಣವೆಂದುಕೊಂಡೆ. ಚಿಕ್ಕಂದಿನಲ್ಲಿ ತೆಂಗಿನ ಮಡಲು ಹೆಣೆದ ಕೈ, ನನ್ನ ಚಾಪೆ ಎಲ್ಲರಿಗಿಂತ ಮೊದಲೇ ಮುಗಿಯಿತು. ಅದೇ ತಪ್ಪಾಯಿತು. ಆಕೆ ಚಪ್ಪಾಳೆ ತಟ್ಟಿ, ಉಳಿದವರಿಗೆ ತೋರಿಸಲು ನನ್ನನ್ನೇ ಎಬ್ಬಿಸಿದಳು.

ಮೊದಲು ಸಿಕ್ಕಿದವರು ಇವರ ಮ್ಯಾನೇಜರ್ ಗಿರಿಧರ್ ಸರ್. ಮೂರು ಸಲ ತೋರಿಸಿದರೂ ಗರಿಯನ್ನು ಉಲ್ಟಾ ಹಾಕಿದರು. "ಹಾಗಲ್ಲ ಮಾರಾಯ್ರೆ!" ಎಂದು ಅವರ ಕೈಗೆ ಫಟ್ಟನೆ ಹೊಡೆದೇಬಿಟ್ಟೆ. ಅಜ್ಜಿ ನನಗೆ ಕಲಿಸಿದ್ದೂ ಹೀಗೆಯೇ.

ಇವರು ತಮ್ಮ ಗರಿ ಬಿಸಾಡಿ ಓಡಿಬಂದರು. ಸರ್ ಕೈ ಉಜ್ಜಿಕೊಳ್ಳುತ್ತಾ, "ಏನ್ರೀ ಪೃಥ್ವಿರಾಜ್, ಮನೇಲೂ ಹಿಂಗೇನಾ?" ಅಂದರು.

"ಮನೆಯಲ್ಲಿ ಇನ್ನೂ ಜೋರು ಸರ್," ಅಂದುಬಿಟ್ಟರು ಇವರು!

ದೋಣಿ ಬರುವ ತನಕ ನಾನು ಕುತ್ತಿಗೆವರೆಗೆ ನೀರಿನಲ್ಲೇ ಇದ್ದೆ.

ಈಗ ಸರ್ ಮೆಸೇಜ್ ಬಂದಿದೆ. ಬರುವ ಶುಕ್ರವಾರ ಅವರ ಮನೆಗೆ ಹೋಗಬೇಕಂತೆ, ಅವರ ಹೆಂಡತಿಗೂ ಹೆಣೆಯಲು ಕಲಿಸಬೇಕಂತೆ. ಆಕೆಯೂ ಉಲ್ಟಾ ಹಾಕಿದರೆ ನನ್ನ ಕೈಯನ್ನು ಹಿಡಿದುಕೊಳ್ಳುವವರು ಯಾರು?