ಎರಡನೇ ಪೀರಿಯಡ್ಡಿನ ಗಂಟೆ

ಶನಿವಾರ, ಮಕ್ಕಳೆಲ್ಲ ಮನೆಗೆ ಹೋದ ಮೇಲೆ

ಮುದ್ದು ಗುಬ್ಬಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕೆಮ್ಮು ಹೇಗಿದೆ? ನಿನ್ನ ಕೋಣೆಯ ಗುಂಗುರು ಕೂದಲಿನವಳಿಗೆ ಕಣ್ಣಿನ ಕುರು ಒಡೆಯಿತೇ? ಕೆಳಗಿನ ಮನೆಯ ಅಜ್ಜಿ ಈಗಲೂ ಮೆಟ್ಟಿಲು ಎಣಿಸಿಕೊಂಡೇ ಹತ್ತುತ್ತಾರೆಯೇ? ಇಲ್ಲಿ ನನ್ನ ಮಂಡಿಯೊಂದು ಬಿಟ್ಟರೆ ಎಲ್ಲರೂ ಕ್ಷೇಮ. ‘ಎಲ್ಲರೂ’ ಎಂದು ಬರೆಯುವ ಧೈರ್ಯ ಈ ವಾರವಷ್ಟೇ ಬಂತು. ಅದಕ್ಕೇ ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೆ, ಬೈಯಬೇಡ.

ಅಮ್ಮ ಫೋನಿನಲ್ಲಿ ಚೆನ್ನಾಗಿದ್ದೀನಿ ಅಂತ ಒಂದೇ ಮಾತು ಹೇಳಿ ಇಟ್ಟುಬಿಡುತ್ತಾಳೆ, ನಿಜ ಏನು ಅಂತ ನೀನು ಕೇಳಿದ್ದೆ. ನಿನ್ನಮ್ಮ ಚೆನ್ನಾಗಿರಲಿಲ್ಲ ಮಗಳೇ. ಇಪ್ಪತ್ತಾರು ವರ್ಷ ನಾಲ್ಕನೇ ಕ್ಲಾಸಿಗೆ ಪಾಠ ಹೇಳಿದವಳನ್ನು ಒಂದೇ ಬೆಳಿಗ್ಗೆ ಹೆಡ್ಮೇಡಮ್ ಮಾಡಿ ಕೂರಿಸಿದರೆ ಹೇಗೆ? ಹಳೆಯ ಹೆಡ್ಮಾಸ್ತರು ಹನ್ನೊಂದು ವರ್ಷ ಕೂತು ಕೂತು ಗುಂಡಿ ಬಿದ್ದ ಕುರ್ಚಿ ಅದು. ನಿನ್ನಮ್ಮ ಅದರ ಅಂಚಿನಲ್ಲಿ ಕೂರುತ್ತಿದ್ದಳು, ಬಸ್ಸಿನ ಸೀಟಿನಲ್ಲಿ ಮೂರನೆಯವಳಾಗಿ ಕೂತ ಹಾಗೆ.

ಅದನ್ನೂ ಸಹಿಸಬಹುದಿತ್ತು. ಆದರೆ ನಾನು ಎರಡನೇ ಪೀರಿಯಡ್ಡಿನ ಗಂಟೆ ಹೊಡೆಯುವುದೇ ತಡ, ಅವಳ ಕಾಲು ತಾನಾಗಿಯೇ ನಾಲ್ಕನೇ ಕ್ಲಾಸಿಗೆ ನಡೆಯುತ್ತಿತ್ತು. ಅವಳ ಜಾಗಕ್ಕೆ ಬಂದ ಹೊಸ ಟೀಚರು ಪಾಪ, ಇನ್ನೂ ಎಳಸು, ಮೊದಲ ಕೆಲಸ. ಅವಳು ಬೋರ್ಡಿನ ಮೇಲೆ ಬರೆದದ್ದನ್ನು ನಿನ್ನಮ್ಮ ಒರೆಸಿ, ಅದನ್ನೇ ತನ್ನ ಕೈಯಲ್ಲಿ ಮತ್ತೆ ಬರೆಯುತ್ತಿದ್ದಳು. ಬರೆದ ಮೇಲೆ ತಾನೇ ನಾಚಿಕೊಂಡು ಹೊರಗೆ ಬರುತ್ತಿದ್ದಳು. ಆ ಹುಡುಗಿ ನಕಾಶೆಗಳ ಕೋಣೆಗೆ ಹೋಗಿ ಅಳುವುದನ್ನು ನಾನೇ ಎರಡು ಸಲ ನೋಡಿದೆ. ನೋಡಿಯೂ ಬಾಯಿ ಬಿಡಲಿಲ್ಲ. ಅದು ನನ್ನ ತಪ್ಪು.

ಆಮೇಲೆ ಟೈಮ್‌ಟೇಬಲ್ಲು. ಇಷ್ಟು ವರ್ಷ ಬೇರೆಯವರು ಮಾಡಿದ ಟೈಮ್‌ಟೇಬಲ್ಲಿನಲ್ಲೆಲ್ಲ ಕೊಂಕು ತೆಗೆದವಳು ತಾನೇ, ಈ ಸಲ ಯಾರನ್ನೂ ಕೇಳದೆ ಒಬ್ಬಳೇ ಕೂತು ಬರೆದಳು. ಬರೆಯುವಾಗ ಕೈಗೆ ಹಳೆಯ ರೂಢಿ. ಮಂಗಳವಾರದ ಎರಡನೇ ಪೀರಿಯಡ್ಡಿಗೆ ನಾಲ್ಕನೇ ಕ್ಲಾಸಿನಲ್ಲಿ ಹೊಸ ಟೀಚರ ಹೆಸರನ್ನೂ ಹಾಕಿದಳು, ತನ್ನದನ್ನೂ ಹಾಕಿದಳು. ಒಂದು ಕ್ಲಾಸಿಗೆ ಇಬ್ಬರು, ಪಕ್ಕದ ಎರಡನೇ ಕ್ಲಾಸಿಗೆ ಯಾರೂ ಇಲ್ಲ. ಮೂವತ್ತು ಮಂಗಗಳು. ಒಬ್ಬಳು ಸೀಮೆಸುಣ್ಣಕ್ಕೆ ಬೀರು ಹತ್ತಿ ಬಿದ್ದಳು. ಹೋದದ್ದು ಹೇಗೂ ಅಲ್ಲಾಡುತ್ತಿದ್ದ ಹಾಲುಹಲ್ಲು, ದೇವರು ದೊಡ್ಡವನು. ಆದರೆ ತುಟಿ ಸೀಳಿ ರಕ್ತ ಬಂದಿತ್ತು.

ಅವಳ ಅಪ್ಪ ಬಂದ. ಕೂಗಾಡಿದ್ದರೆ ನಿನ್ನಮ್ಮ ತಡೆದುಕೊಳ್ಳುತ್ತಿದ್ದಳು. ಅವನು ಮೆಲ್ಲಗೆ, “ಮೇಡಂ, ನೀವು ಕ್ಲಾಸಲ್ಲಿದ್ದಾಗ ನನ್ನ ದೊಡ್ಡ ಮಗಳಿಗೆ ಒಂದು ಗೀರೂ ಆಗಿರಲಿಲ್ಲ,” ಅಂದ. ಅವಳು ಯಾವ ನೆಪವನ್ನೂ ಹೇಳದೆ ತಪ್ಪು ತನ್ನದೇ ಎಂದು ಕೈಮುಗಿದಳು. ಆಮೇಲೆ ಬಾಗಿಲು ಹಾಕಿಕೊಂಡು ಆಡಳಿತ ಮಂಡಳಿಗೆ ಕಾಗದ ಬರೆದಳು, ಈ ಪದವಿ ಬೇಡ, ನನ್ನ ನಾಲ್ಕನೇ ಕ್ಲಾಸು ನನಗೆ ಕೊಡಿ ಅಂತ. ಬುಧವಾರ ಬೆಳಿಗ್ಗೆ ಅದನ್ನು ನನ್ನ ಕೈಗಿಟ್ಟು, ಶುಕ್ರವಾರ ಸಭೆಯಿದೆ, ಇವತ್ತೇ ತಲುಪಿಸು ಅಂದಳು. ಅವಳು ಹಿಂದಕ್ಕೆ ಬಂದರೆ ಆ ಎಳೆ ಟೀಚರಿಗೆ ತಿಂಗಳ ಕೊನೆಗೆ ಮನೆಯೇ ಗತಿ. ಅದು ನಿನ್ನಮ್ಮನಿಗೂ ಗೊತ್ತಿತ್ತು. ಅದಕ್ಕೇ ನನ್ನ ಮುಖ ನೋಡದೆ ಕೊಟ್ಟಳು.

ಗುರುವಾರ ಎರಡನೇ ಗಂಟೆ ಹೊಡೆದೆ. ಎಂದಿನಂತೆ ಹೊರಟು ಬಂದಳು. ಸುತ್ತಿಗೆ ಕೈಯಲ್ಲಿ ಹಿಡಿದೇ ಅಡ್ಡ ನಿಂತೆ. “ಗಂಟೆ ಹೊಡೆಯೋಳು ನಾನು. ನಿನಗೆ ಅಂತ ಹೊಡೀಲಿಲ್ಲ ಕಣೇ,” ಅಂದೆ. ಹೆಡ್ಮೇಡಮ್ಮಿಗೆ ಶಾಲೆಯಲ್ಲಿ ‘ಕಣೇ’ ಅಂದದ್ದು ಅದೇ ಮೊದಲು. ಅವಳು ನನ್ನನ್ನೇ ನೋಡುತ್ತಾ ವರಾಂಡದಲ್ಲಿ ನಿಂತಳು.

ಅಷ್ಟರಲ್ಲಿ ನಾಲ್ಕನೇ ಕ್ಲಾಸಿನಿಂದ ದನಿ ಬಂತು. ಹೊಸ ಟೀಚರು ಮಕ್ಕಳ ಕೈಗೇ ಕಾಗದ ಕೊಟ್ಟು, ಹರಿದು ಹರಿದು ಅರ್ಧ, ಕಾಲು ಹೇಳಿಕೊಡುತ್ತಿದ್ದಳು. ಆ ಕ್ಲಾಸಿನಲ್ಲಿ ಕಿಟಕಿ ಪಕ್ಕ ಕೂರುವ ಒಬ್ಬಳಿದ್ದಾಳೆ, ಬಾಯಿಗೆ ಬೀಗ. ಹೋದ ವರ್ಷವೂ ಇದೇ ಕ್ಲಾಸು, ನಿನ್ನಮ್ಮ ಇಡೀ ವರ್ಷ ತಿಣುಕಿದರೂ ಒಂದು ಉತ್ತರ ಹೇಳಿದವಳಲ್ಲ. ಅವಳು ಎದ್ದು ನಿಂತು, ನನ್ನ ಕಾಲು ಭಾಗ ಪಕ್ಕದವನ ಕಾಲು ಭಾಗಕ್ಕಿಂತ ಚಿಕ್ಕದು, ಇದು ಮೋಸ ಅಂತ ಜಗಳ ತೆಗೆದಳು. ಕ್ಲಾಸೆಲ್ಲ ನಕ್ಕಿತು.

ನಿನ್ನಮ್ಮ ಬಂದು ನನ್ನ ಪಕ್ಕ ಮೆಟ್ಟಿಲ ಮೇಲೆ ಕೂತಳು. “ಅಕ್ಕ, ಆ ಹುಡುಗಿಗೆ ಬಾಯಿ ಇತ್ತು ನೋಡು,” ಅಂದಳು. ಹೊಟ್ಟೆಕಿಚ್ಚು ಇರಲಿಲ್ಲ ಅನ್ನಲಾರೆ. ಇತ್ತು, ಒಂದು ಚಿಟಿಕೆ. ಆದರೆ ಮುಖದ ಬಿಗಿ ಮೂರು ವಾರದಲ್ಲಿ ಮೊದಲ ಸಲ ಸಡಿಲಾಗಿತ್ತು.

ಸಂಜೆ ಹೊಸ ಟೀಚರನ್ನು ಕರೆದು ಕ್ಷಮೆ ಕೇಳಿದಳು. ನಿನ್ನೆ ಎಲ್ಲ ಟೀಚರುಗಳನ್ನೂ ಒಂದೇ ಮೇಜಿನ ಸುತ್ತ ಕೂರಿಸಿ ಟೈಮ್‌ಟೇಬಲ್ಲು ಹೊಸದಾಗಿ ಮಾಡಿಸಿದಳು. ಅದರಲ್ಲಿ ಅವಳ ಹೆಸರು ಎಲ್ಲೂ ಇಲ್ಲ. ಯಾರು ರಜೆ ಹಾಕುತ್ತಾರೋ ಅವರ ಕ್ಲಾಸು ಮಾತ್ರ ಅವಳದು. ಇವತ್ತು ಆಗಲೇ ಎರಡು ಸಲ, ಯಾರಿಗಾದರೂ ನೆಗಡಿ ಇದೆಯಾ ಅಂತ ವಿಚಾರಿಸಿದಳು. ಕುರ್ಚಿಗೆ ಒಂದು ದಿಂಬು ಹಾಕಿಸಿಕೊಂಡಿದ್ದಾಳೆ. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು ಗುಬ್ಬಿ.

ಇಂತಿ ನಿನ್ನ
ಗಂಟೆ ದೊಡ್ಡಮ್ಮ

ಮರೆತಿದ್ದೆ: ಇಷ್ಟು ಹೊತ್ತಿಗೆ ನೀನು ಹಾಳೆ ತಿರುಗಿಸಿ ನೋಡಿಯೇ ಇರುತ್ತೀಯ. ಹೌದು, ಆ ಕಡೆ ಇರುವುದು ಅಮ್ಮನ ಅದೇ ಕಾಗದ. ಬುಧವಾರ ಮಂಡಳಿಯ ಆಫೀಸಿನ ಬಾಗಿಲವರೆಗೆ ಹೋಗಿ ವಾಪಸು ಬಂದೆ. ನಾನು ಅಕ್ಷರ ಕಲಿತದ್ದು ಅವಳ ಬೋರ್ಡು ಒರೆಸುತ್ತಾ. ಒರೆಸುವ ಮುಂಚೆ ಓದುವ ಚಾಳಿ ಹೋಗಿಲ್ಲ, ಇದನ್ನೂ ಓದಿಬಿಟ್ಟೆ. ‘ನನಗೆ ಕಲಿಸುವುದು ಬಿಟ್ಟು ಬೇರೇನೂ ಬಾರದು’ ಅಂತ ಬರೆದಿದ್ದಾಳೆ ನೋಡು. ಅಂಥವಳನ್ನಲ್ಲದೆ ಇನ್ಯಾರನ್ನು ಅಲ್ಲಿ ಕೂರಿಸಬೇಕು? ನಿನ್ನೆ ಮೆಲ್ಲಗೆ, ಆ ಕಾಗದ ಏನಾಯಿತು ಅಕ್ಕ ಅಂತ ಕೇಳಿದಳು. ಸೇರಬೇಕಾದ ಕಡೆ ಸೇರುತ್ತೆ ಅಂದೆ. ಜೋಪಾನವಾಗಿಡು, ಅವಳಿಗೆ ಹೇಳಬೇಡ. ಬೇಗ ಉತ್ತರ ಬರೆ, ಹೊಸ ಹಾಳೆಯಲ್ಲಿ.